ಕೈಕಟ್ಟಿ ಕೂರುವ ಕೆಲಸ

ಜೂನ್ ೮

ಅಪ್ಪನಿಗೆ,

ಲಕೋಟೆಯ ಮೇಲೆ ನಿನ್ನ ಹೆಸರು ನೋಡಿ ಅಮ್ಮ ಗಾಬರಿಯಾಗಿರುತ್ತಾಳೆ. ಏನೂ ಆಗಿಲ್ಲ, ಚೆನ್ನಾಗಿದ್ದೇನೆ ಅಂತ ಮೊದಲು ಅವಳಿಗೆ ಹೇಳು. ಇಷ್ಟು ವರ್ಷ ಅಮ್ಮನಿಗೆ ಬರೆದು ಕೊನೆಯ ಸಾಲಿನಲ್ಲಿ ‘ಅಪ್ಪನಿಗೂ ಹೇಳು’ ಎಂದು ಸೇರಿಸುತ್ತಿದ್ದವಳು ಈಗ ನೇರವಾಗಿ ನಿನಗೇ ಬರೆಯುತ್ತಿರುವುದಕ್ಕೆ ಒಂದೇ ಕಾರಣ: ಬಡಗಿಯ ಹತ್ತಿರ ಕೆಲಸವಿದೆ.

ಶಾಲೆಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ. ಕಾರಿಡಾರಿನ ತುದಿಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದ ಕೋಣೆ. ಬೆಂಚುಗಳನ್ನು ಗೋಡೆಗೆ ಒತ್ತಿ, ನೆಲ ತೊಳೆದು, ಆರೇಳು ವರ್ಷದ ಇಪ್ಪತ್ತೆರಡು ಮಕ್ಕಳನ್ನು ಕೂರಿಸಿಕೊಂಡಿದ್ದೇನೆ. ಕೂರಿಸಿಕೊಂಡಿದ್ದೇನೆ ಎನ್ನುವುದೂ ತಪ್ಪು, ಅವು ಎಲ್ಲಿ ಕೂರುತ್ತವೆ? ಈ ಶಾಲೆಯನ್ನು ಕಟ್ಟಿದ ಮೇಡಂ ಈಗ ಇಲ್ಲ, ಅವರ ನೋಟ್‌ಬುಕ್ಕು ಮಾತ್ರ ನನ್ನ ಕೈಗೆ ಸಿಕ್ಕಿದೆ. ಅವರು ಮೊದಲು ಮಕ್ಕಳ ಆಸ್ಪತ್ರೆಯಲ್ಲಿ ದಾದಿಯಾಗಿದ್ದರಂತೆ. ಜ್ವರ ಬಿಟ್ಟ ಮಕ್ಕಳು ಹಾಸಿಗೆಯ ಮೇಲೆ ಕೂತು, ಯಾರೂ ಹೇಳಿಕೊಡದೆ, ಬ್ಯಾಂಡೇಜಿನ ಬಟ್ಟೆಯನ್ನು ಸುರುಳಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದವಂತೆ. ಅದನ್ನು ನೋಡಿದ ಮೇಲೆ ಅವರು ದಾದಿಯ ಕೆಲಸ ಬಿಟ್ಟು ಶಾಲೆ ತೆರೆದರು. ಮಕ್ಕಳು ಕಿವಿಯಿಂದಲ್ಲ, ಕೈಯಿಂದ ಕಲಿಯುತ್ತವೆ ಎನ್ನುವುದು ಅವರ ನಂಬಿಕೆ. ಅವರು ಹೋದ ಮೇಲೆ ಶಾಲೆಗೆ ಮತ್ತೆ ಬೆಂಚಿನ ಸಾಲುಗಳು ಬಂದವು. ನಾಲ್ಕು ವರ್ಷ ಬೆನ್ನು ಬಿದ್ದು ಕೇಳಿದ ಮೇಲೆ ನನಗೆ ಈ ಒಂದು ಕೋಣೆ ಸಿಕ್ಕಿದೆ. ಅದೂ ಡಿಸೆಂಬರಿನ ತನಕ. ಡಿಸೆಂಬರಿನಲ್ಲಿ ಶಾಲೆಯ ಆಡಳಿತ ಸಮಿತಿಯವರು ಬಂದು ಒಂದು ಬೆಳಗ್ಗೆ ಕೂತು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಗೋಡೆಯ ಬೆಂಚುಗಳು ಮತ್ತೆ ಸಾಲಾಗಿ ನಿಲ್ಲುತ್ತವೆ. ಆಮೇಲೆ ಇನ್ನೊಂದು ಸಲ ಯಾರೂ ಕೊಡುವುದಿಲ್ಲ.

ಬೇಕಾದದ್ದು ಇಷ್ಟು. ಒಂದು ದಪ್ಪ ಹಲಗೆ, ಅದರಲ್ಲಿ ಹತ್ತು ಗುಂಡು ಕುಳಿ. ಹತ್ತು ಕುಳಿಗೆ ಹತ್ತು ಗೂಟ. ಎತ್ತರ ಎಲ್ಲಕ್ಕೂ ಒಂದೇ, ದಪ್ಪ ಮಾತ್ರ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೆಚ್ಚುತ್ತಾ ಹೋಗಬೇಕು. ಚಿತ್ರ ಬರೆದು ಇಟ್ಟಿದ್ದೇನೆ. ಪೇಟೆಯ ಬಡಗಿಗೆ ತೋರಿಸಿದೆ, ‘ಇಷ್ಟು ಸಣ್ಣ ಲೆಕ್ಕಕ್ಕೆ ನನ್ನ ಕೈ ಕೂರಲ್ಲ’ ಅಂದ. ಕೂರುವ ಕೈ ಯಾರದು ಅಂತ ನನಗೆ ಗೊತ್ತು.

ನಿನ್ನ ಮಗಳು


ಜೂನ್ ೨೭

ಮಗಳಿಗೆ,

ಕಾಗದ ತಲುಪಿತು. ನಿಮ್ಮಮ್ಮ ಗಾಬರಿಯಾಗಲಿಲ್ಲ, ಮುನಿಸಿಕೊಂಡಳು. ‘ನಾನು ಯಾವ ಕೆಲಸಕ್ಕೂ ಬಾರದವಳಾದೆ’ ಎಂದು ಎರಡು ದಿನ ಹೊಲಿಗೆ ಮೆಷಿನ್ನಿನ ಸದ್ದಿನಲ್ಲೇ ನನಗೆ ಉತ್ತರ ಕೊಟ್ಟಳು.

ನೀನು ಹೇಳಿದ ಗೂಟದ ಹಲಗೆ ಈ ಪೆಟ್ಟಿಗೆಯಲ್ಲಿದೆ. ಚೆನ್ನಾಗಿ ಒಣಗಿದ ಮರ, ಹನ್ನೊಂದು ವರ್ಷದಿಂದ ಅಟ್ಟದ ಮೇಲಿತ್ತು, ಯಾವುದಕ್ಕೂ ಮನಸ್ಸು ಬಂದಿರಲಿಲ್ಲ. ಗೂಟಗಳನ್ನು ಮೂರು ಸಲ ಕಡೆದು ಬಿಸಾಡಿ ನಾಲ್ಕನೆಯ ಸಲ ಸರಿಮಾಡಿದೆ. ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ಕೆನ್ನೆಗೆ ಒತ್ತಿಕೊಂಡರೂ ತರಚದ ಹಾಗೆ ಮಾಡಿದ್ದೇನೆ. ಮಕ್ಕಳ ವಸ್ತು, ಬಾಯಿಗೂ ಇಟ್ಟುಕೊಳ್ಳುತ್ತವೆ, ಅದಕ್ಕೇ ಬಣ್ಣ ಬಳಿದಿಲ್ಲ.

ನಿನ್ನ ಚಿತ್ರದಲ್ಲಿ ಒಂದು ಕೊರತೆಯಿತ್ತು. ಕಣ್ಣಿಗೆ ಎಲ್ಲ ಗೂಟಗಳೂ ಒಂದೇ ಥರ ಕಾಣುತ್ತವೆ, ಪಾಪ ಮಕ್ಕಳು ತಡಕಾಡಬೇಕು. ಅದಕ್ಕೆ ನಾನೇ ಒಂದು ದಾರಿ ಮಾಡಿದೆ. ಮೊದಲ ಗೂಟದ ತಲೆಗೆ ಒಂದು ಹಿತ್ತಾಳೆ ಚುಕ್ಕೆ, ಅದರ ಕುಳಿಯ ಪಕ್ಕಕ್ಕೂ ಒಂದು. ಎರಡನೆಯದಕ್ಕೆ ಎರಡು. ಹೀಗೆ ಹತ್ತರ ತನಕ. ಒಟ್ಟು ನೂರಹತ್ತು ಚುಕ್ಕೆ. ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಕೂರಿಸಿದ್ದೇನೆ. ಇನ್ನು ಯಾವ ಮಗುವೂ ತಪ್ಪು ಮಾಡುವ ಹಾಗಿಲ್ಲ.

ಒಂದು ಮಾತು ಕೇಳುತ್ತೇನೆ. ಹಲಗೆ, ಗೂಟ ಹಿಡಿದು ಎಲ್ಲ ಮಕ್ಕಳೇ ಮಾಡಿಕೊಂಡರೆ ನೀನು ಅಲ್ಲಿ ಏನು ಮಾಡುತ್ತೀಯ? ನಿಮ್ಮಮ್ಮನೂ ಅದನ್ನೇ ಕೇಳುತ್ತಿದ್ದಾಳೆ.

ನಿನ್ನ ಅಪ್ಪ

(ನಾನು ಕೇಳಿಲ್ಲ. ಇವರೇ ಕೇಳಿ ನನ್ನ ತಲೆಗೆ ಕಟ್ಟುತ್ತಿದ್ದಾರೆ. ಊಟ ಸರಿಯಾಗಿ ಮಾಡು. — ಅಮ್ಮ)


ಜುಲೈ ೯

ಅಪ್ಪನಿಗೆ,

ಪೆಟ್ಟಿಗೆ ಬಿಚ್ಚಿದಾಗ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಸುತ್ತ ಸೇರಿದರು. ಹಲಗೆಯನ್ನು ಯಾರೂ ಬೇಗ ಕೆಳಗಿಡಲಿಲ್ಲ. ಗಣಿತದ ಮೇಷ್ಟ್ರು ಒಂದು ಗೂಟವನ್ನು ಬೆರಳಲ್ಲಿ ತಿರುಗಿಸುತ್ತಾ, ‘ನಿಮ್ಮಪ್ಪನಿಗೆ ಇನ್ನೊಬ್ಬ ಮಗಳಿದ್ದರೆ ನಮ್ಮ ಮನೆಗೆ ಕೊಡಿ’ ಅಂದರು. ನಾನು ಹೆಮ್ಮೆಯಿಂದ ಬೀಗಿದೆ. ಇದು ನಿಜ, ಮುಂದಿನ ಮಾತನ್ನು ಓದುವಾಗ ಇದನ್ನು ಮರೆಯಬೇಡ.

ಅಪ್ಪ, ಚುಕ್ಕೆ ಬೇಡ.

ಮಕ್ಕಳು ಹಲಗೆಯನ್ನು ತೆಗೆದುಕೊಂಡವು, ಚುಕ್ಕೆ ಎಣಿಸಿದವು, ಗೂಟ ಕೂರಿಸಿದವು, ಹೋದವು. ಒಬ್ಬೊಬ್ಬರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಮಾರನೆಯ ದಿನ ಯಾರೂ ಅದನ್ನು ಮುಟ್ಟಲಿಲ್ಲ. ಯಾಕೆಂದರೆ ಆ ಹಲಗೆಯಲ್ಲಿ ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ, ಎಲ್ಲ ನೀನೇ ಮಾಡಿಬಿಟ್ಟಿದ್ದೆ. ಚುಕ್ಕೆ ಇಲ್ಲದಿದ್ದರೆ ಮಗು ಸಣ್ಣ ಗೂಟವನ್ನು ದೊಡ್ಡ ಕುಳಿಗೆ ಹಾಕುತ್ತದೆ. ಅದು ಒಳಗೆ ಹೋಗಿಬಿಡುತ್ತದೆ, ಸರಿಯಾಯಿತು ಅಂದುಕೊಳ್ಳುತ್ತದೆ. ಕೊನೆಗೆ ಕೈಯಲ್ಲಿ ಒಂದು ದಪ್ಪ ಗೂಟ ಉಳಿಯುತ್ತದೆ, ಅದು ಹಿಡಿಸುವ ಕುಳಿ ಇರುವುದಿಲ್ಲ. ಆಗ ಅದಕ್ಕೆ ತಾನಾಗಿ ಗೊತ್ತಾಗುತ್ತದೆ, ಎಲ್ಲೋ ಎಡವಿದ್ದೇನೆ ಅಂತ. ‘ತಪ್ಪು’ ಎಂದು ನಾನು ಹೇಳಬೇಕಾಗಿಲ್ಲ, ಮರವೇ ಹೇಳುತ್ತದೆ. ಮೇಡಂ ಇದನ್ನು ಎರಡು ಪುಟ ಬರೆದಿದ್ದಾರೆ. ನಾನು ನಿನಗೆ ಮೊದಲೇ ಬಿಡಿಸಿ ಹೇಳಬೇಕಿತ್ತು.

ನಾನು ಏನು ಮಾಡುತ್ತೇನೆ ಅಂತ ಕೇಳಿದ್ದೀಯ. ಚಿಕ್ಕವಳಿದ್ದಾಗ ನಮ್ಮ ಟೀಚರು ‘ಕೈಕಟ್ಟಿ ಕೂತ್ಕೊಳ್ಳಿ’ ಅನ್ನುತ್ತಿದ್ದರಲ್ಲ, ಈ ಕೋಣೆಯಲ್ಲಿ ಅದು ನನ್ನ ಕೆಲಸ. ಮಕ್ಕಳು ಮಾಡುತ್ತವೆ, ನಾನು ಕೈಕಟ್ಟಿ ಕೂರುತ್ತೇನೆ. ನಗಬೇಡ. ಇದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ಹಲಗೆಯನ್ನು ವಾಪಸ್ ಕಳಿಸುತ್ತಿದ್ದೇನೆ. ಬೇಜಾರಾಗಬೇಡ.

ನಿನ್ನ ಮಗಳು


ಜುಲೈ ೨೨

ಮಗಳಿಗೆ,

ಹೊಸ ಹಲಗೆ ಕಳಿಸಿದ್ದೇನೆ. ಚುಕ್ಕೆ ಇಲ್ಲ. ಹಳೆಯದರಿಂದ ಚುಕ್ಕೆ ಕಿತ್ತರೆ ನೂರಹತ್ತು ತೂತು ಉಳಿಯುತ್ತಿತ್ತು, ಅದಕ್ಕೇ ಅದನ್ನು ಬದಿಗಿಟ್ಟೆ.

ಮಕ್ಕಳು ತಪ್ಪು ಮಾಡಲಿ ಎಂದು ಕೆಲಸ ಮಾಡಿದ್ದು ಜೀವಮಾನದಲ್ಲಿ ಇದೇ ಮೊದಲು.

ಅಪ್ಪ


ಆಗಸ್ಟ್ ೧೬

ಅಪ್ಪನಿಗೆ,

ಕಳೆದ ಕಾಗದವನ್ನು ನೀನು ಹಲ್ಲು ಕಚ್ಚಿಕೊಂಡು ಬರೆದದ್ದು ಗೊತ್ತಾಯಿತು. ಆದರೂ ಇದನ್ನು ಪೂರ್ತಿ ಓದು.

ನನ್ನ ಕೋಣೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರೂ ಅವಳನ್ನು ಮೊಳೆ ಎನ್ನುತ್ತಾರೆ. ಜೇಬಿನಲ್ಲಿ ಸದಾ ನಾಲ್ಕು ಮೊಳೆ ಇರುತ್ತವೆ, ಎಲ್ಲಿಂದ ತರುತ್ತಾಳೋ ದೇವರೇ ಬಲ್ಲ. ಹಿಂದಿನ ತರಗತಿಯ ಟೀಚರು ‘ಇದು ಅಕ್ಷರ ಹತ್ತೋ ಪೈಕಿ ಅಲ್ಲ’ ಎಂದು ಕೈಬಿಟ್ಟಿದ್ದ ಮಗು. ಹೊಸ ಹಲಗೆಯನ್ನು ಮೊದಲು ಎತ್ತಿಕೊಂಡವಳು ಅವಳು. ಕೊನೆಯಲ್ಲಿ ಕೈಯಲ್ಲಿ ದಪ್ಪ ಗೂಟ ಉಳಿಯಿತು. ಗೂಟವನ್ನು ನೋಡಿದಳು, ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಕೈ ಬೆನ್ನ ಹಿಂದಿತ್ತು. ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅವಳು ಎಲ್ಲ ಗೂಟವನ್ನೂ ಕಿತ್ತು ನೆಲದ ಮೇಲೆ ಸುರಿದು ಮೊದಲಿನಿಂದ ಶುರುಮಾಡಿದಳು. ಮುಕ್ಕಾಲು ಗಂಟೆ. ಗಂಟೆ ಹೊಡೆದದ್ದೂ ಕೇಳಿಸಲಿಲ್ಲ ಅವಳಿಗೆ. ಹತ್ತನೆಯದು ಕೂತಾಗ ಯಾರ ಕಡೆಗೂ ನೋಡಲಿಲ್ಲ, ಯಾರ ಶಹಬ್ಬಾಸೂ ಬೇಕಿರಲಿಲ್ಲ. ಮೂಗು ಒರೆಸಿಕೊಂಡು ಮತ್ತೆ ಎಲ್ಲ ಕಿತ್ತಳು.

ನನಗೆ ಅಳು ಬಂತು. ಅದು ಅವಳಿಗಾಗಿ ಮಾತ್ರ ಬಂದ ಅಳು ಅಲ್ಲ. ಹದಿನೆಂಟು ವರ್ಷದಿಂದ ನಿನಗೆ ಹೇಳದ ಒಂದು ಮಾತನ್ನು ಇವತ್ತು ಹೇಳುತ್ತೇನೆ.

ಒಂಬತ್ತು ವರ್ಷದವಳಿದ್ದಾಗ ನಾನು ಒಂದು ಸ್ಟೂಲು ಮಾಡಿದ್ದೆ, ನೆನಪಿದೆಯಾ? ರಜೆಯಲ್ಲಿ, ನಿನ್ನ ಕೆಲಸದ ಕೋಣೆಯ ಮೂಲೆಯಲ್ಲಿ, ನೀನು ಬಿಸಾಡಿದ ತುಂಡುಗಳಿಂದ. ಎಂಟು ದಿನ ಹಿಡಿಯಿತು. ಒಂದು ಕಾಲನ್ನು ಗಿಡ್ಡ ಕತ್ತರಿಸಿಬಿಟ್ಟಿದ್ದೆ, ಸ್ಟೂಲು ಕುಂಟುತ್ತಿತ್ತು. ಏನು ಮಾಡಬೇಕು ಅಂತ ಒಂದು ಇಡೀ ದಿನ ಯೋಚಿಸಿದೆ. ಉಳಿದ ಮೂರನ್ನೂ ಆ ಗಿಡ್ಡ ಕಾಲಿನ ಸಮಕ್ಕೆ ಕತ್ತರಿಸಿದರಾಯಿತು ಎಂದು ನನಗೇ ಹೊಳೆಯಿತು. ಮೂರು ಕಾಲಿಗೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಅವತ್ತು ಶಾಲೆ ಶುರುವಾಯಿತು, ಬಂದು ಕತ್ತರಿಸೋಣ ಅಂತ ಹೋದೆ. ತರಗತಿಯಲ್ಲಿ ಕೂತಾಗಲೂ ಕೈಯಲ್ಲಿ ಗರಗಸ ಇದ್ದ ಹಾಗೇ ಇತ್ತು.

ಸಂಜೆ ಬಂದರೆ ಸ್ಟೂಲು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಗಿಡ್ಡ ಕಾಲು ಹೋಗಿ ಹೊಸ ಕಾಲು ಬಂದಿತ್ತು. ನನ್ನ ಗೆರೆಗಳು ಮಾಯ. ಪಾಲಿಷೂ ಆಗಿತ್ತು. ಬಂದವರನ್ನೆಲ್ಲ ಅದರ ಮೇಲೆ ಕೂರಿಸಿ ನೀನು ‘ನನ್ನ ಮಗಳು ಮಾಡಿದ್ದು’ ಅಂತ ಹೇಳುತ್ತಿದ್ದೆ. ಎಷ್ಟು ಖುಷಿಯಿಂದ ಹೇಳುತ್ತಿದ್ದೆ ಅಂದರೆ ನಾನು ಬಾಯಿ ಬಿಡಲಿಲ್ಲ. ಆಮೇಲೆ ನಾನು ನಿನ್ನ ಉಳಿ ಗರಗಸ ಮುಟ್ಟಲಿಲ್ಲ. ‘ಯಾಕೆ ಬರಲ್ಲ?’ ಅಂತ ನೀನು ಒಂದು ಸಲ ಕೇಳಿದೆ. ಹೋಂವರ್ಕ್ ಇದೆ ಅಂದೆ. ‘ಹೋಗ್ಲಿ ಬಿಡು, ಓದ್ಕೋ’ ಅಂದೆ ನೀನು.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆಯೋಣ ಅಂದುಕೊಂಡೆ. ಇತ್ತು, ಬಹಳ ದಿನ ಇತ್ತು. ಈಗ ನನಗೂ ಕೈಕಟ್ಟಿ ಕೂರುವುದು ಎಷ್ಟು ಕಷ್ಟ ಅಂತ ಗೊತ್ತಾದ ಮೇಲೆ ಕಡಿಮೆಯಾಗಿದೆ.

ಏಳು ವರ್ಷದ ಮಗುವಿನ ಹಿಡಿಗೆ ಬರುವ ಗರಗಸ ಬೇಕು, ಸಣ್ಣ ಸುತ್ತಿಗೆ ಬೇಕು. ಆಟಿಕೆಯದಲ್ಲ, ನಿಜವಾಗಿ ಕತ್ತರಿಸುವುದು. ಮಾಡಿಕೊಡುತ್ತೀಯಾ?

ನಿನ್ನ ಮಗಳು


ಸೆಪ್ಟೆಂಬರ್ ೩೦

ಪುಟ್ಟಿ,

ನಾನು ಅಮ್ಮ. ನಿಮ್ಮಪ್ಪ ಬರೆಯುವ ಲಕ್ಷಣ ಕಾಣಲಿಲ್ಲ, ಅದಕ್ಕೆ ನಾನೇ ಕೂತೆ.

ನಿನ್ನ ಕಾಗದ ಬಂದ ದಿನ ಇವರು ಅದನ್ನು ಎರಡು ಸಲ ಓದಿ ಮಡಿಚಿ ಜೇಬಿಗೆ ಹಾಕಿಕೊಂಡರು. ಊಟಕ್ಕೆ ಕರೆದರೆ ‘ಬಂದೆ’ ಅಂದವರು ಬರಲಿಲ್ಲ. ಹೋಗಿ ನೋಡಿದರೆ ಕೆಲಸದ ಮೇಜಿನ ಮುಂದೆ ಸುಮ್ಮನೆ ಕೂತಿದ್ದಾರೆ. ‘ಕುಂಟು ಸರಿಮಾಡೋ ದಾರಿ ಅವಳಿಗೆ ಗೊತ್ತಿತ್ತಾ?’ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಕಾಗದ ಕೊಟ್ಟರು, ಓದಿದೆ.

‘ಮಗು ಸಪ್ಪೆ ಮುಖ ಹಾಕ್ಕೊಂಡು ಶಾಲೆಗೆ ಹೋಯ್ತು ಅನ್ನಿಸ್ತು ಕಣೇ. ಸಂಜೆ ಬಂದಾಗ ನಗಲಿ ಅಂತ ಮಾಡಿದೆ’ ಅಂದರು.

ನಾನೇನು ಬಾಯಿ ಮುಚ್ಚಿಕೊಂಡಿರುವವಳಾ? ‘ನಿಮ್ಮದು ಯಾವಾಗಲೂ ಇದೇ ಹಣೆಬರಹ. ನನ್ನ ಹೊಲಿಗೆ ಕತ್ತರಿಯನ್ನೂ ಕೇಳದೆ ಸಾಣೆ ಹಿಡಿದು ಹಾಳು ಮಾಡಿದಿರಿ. ಹತ್ತು ಸಲ ಬಿಚ್ಚದೆ ನಾನು ಒಂದು ಕಾಲರ್ ಕೂರಿಸೋದು ಕಲಿತಿಲ್ಲ. ಅವಳಿಗೆ ಒಂದು ಸಲ ಬಿಚ್ಚೋಕೂ ನೀವು ಬಿಡಲಿಲ್ಲ’ ಅಂದೆ. ಅಂದ ಮೇಲೆ ಅಯ್ಯೋ ಅನ್ನಿಸಿತು. ಇವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಮಡಿಚಿದರು. ಇವರು ಜಗಳಕ್ಕೆ ಬರದಿದ್ದರೆ ನನಗೆ ಭಯ.

ಅವತ್ತಿನಿಂದ ದಿನಾ ಕೆಲಸ ಮಾಡುತ್ತಿದ್ದಾರೆ. ಎದುರುಮನೆಯ ಮಗುವನ್ನು ಕರೆದು ಅದರ ಮುಷ್ಟಿಗೆ ದಾರ ಸುತ್ತಿ ಅಳತೆ ತೆಗೆದರು. ಆರು ಗರಗಸ, ಆರು ಸುತ್ತಿಗೆ. ಹಿಡಿಗಳನ್ನು ಮಗುವಿನ ಕೈಗೆ ಕೊಟ್ಟು, ‘ಎಲ್ಲಿ ಒತ್ತುತ್ತೆ ಹೇಳು’ ಅಂತ ಕೇಳಿ ಕೇಳಿ ಕೆತ್ತಿದರು. ತಾವಾಗಿ ಏನೂ ಸೇರಿಸಲಿಲ್ಲ. ಅದು ನನಗೆ ಹೊಸದು.

ಪೆಟ್ಟಿಗೆ ನಾಳೆ ಹೊರಡುತ್ತದೆ. ಮಕ್ಕಳ ಬೆರಳು ಜೋಪಾನ.

ಅಮ್ಮ


ನವೆಂಬರ್ ೨೧

ಅಪ್ಪನಿಗೆ,

ಆರು ಗರಗಸಕ್ಕೂ ಸರದಿ ಹಚ್ಚಿದ್ದೇವೆ. ಈ ತನಕ ಒಂದು ಬೆರಳು ಜಜ್ಜಿದೆ, ಅದು ನನ್ನದು. ಮೊಳೆ ಈಗ ಅಕ್ಷರ ಬರೆಯುತ್ತಿದ್ದಾಳೆ ಎಂದರೆ ನಂಬುತ್ತೀಯಾ? ತನ್ನ ಮರದ ತುಂಡುಗಳ ಮೇಲೆ ‘ಮುಟ್ಟಬೇಡಿ’ ಎಂದು ಬರೆಯಬೇಕಿತ್ತಂತೆ, ಅದಕ್ಕೇ ಕಲಿತಳು. ಅವಳು ಸ್ಟೂಲು ಮಾಡುತ್ತಿದ್ದಾಳೆ. ನಾನು ಹೇಳಿದ್ದಲ್ಲ, ಆಣೆ.

ಸಮಿತಿಯವರು ಡಿಸೆಂಬರ್ ಹತ್ತಕ್ಕೆ ಬರುತ್ತಾರೆ. ಕಾರ್ಯದರ್ಶಿಗಳು ಮೊನ್ನೆ ಬಾಗಿಲಲ್ಲಿ ನಿಂತು ನೋಡಿ, ‘ಇದೇನಮ್ಮ, ಶಾಲೆಯೋ ಸಂತೆಯೋ?’ ಅಂದು ಹೋದರು. ನನಗೆ ಭಯವಾಗಿದೆ. ನೀನು ಬಂದು ಒಂದು ಮೂಲೆಯಲ್ಲಿ ಕೂತಿದ್ದರೆ ಧೈರ್ಯ. ಏನೂ ಮಾಡಬೇಕಾಗಿಲ್ಲ, ಕೂತರೆ ಸಾಕು.

ನಿನ್ನ ಮಗಳು


ಡಿಸೆಂಬರ್ ೧೨

ಅಪ್ಪನಿಗೆ,

ನೀನು ಮೊನ್ನೆ ಸಂಜೆಯ ಬಸ್ಸಿಗೇ ಊರಿಗೆ ಹೊರಟುಬಿಟ್ಟೆ, ತೀರ್ಮಾನ ಬಂದದ್ದು ನಿನ್ನೆ ಮಧ್ಯಾಹ್ನ. ಇನ್ನೊಂದು ವರ್ಷ ಕೋಣೆ ನಮ್ಮದು. ಒಂದೇ ವರ್ಷ, ಆದರೂ ಸಾಕು. ಗೋಡೆಯ ಬೆಂಚುಗಳನ್ನು ತೆಗೆಸುತ್ತಾರಂತೆ. ‘ಆ ಮರ ಮಕ್ಕಳ ಕೆಲಸಕ್ಕೆ ಬರುತ್ತಾ ನೋಡಿ’ ಅಂದರು ಕಾರ್ಯದರ್ಶಿಗಳು.

ಅಮ್ಮನಿಗೆ ನೀನು ಹೇಗೂ ಅರ್ಧ ನುಂಗಿ ಹೇಳಿರುತ್ತೀಯ, ಅದಕ್ಕೆ ಪೂರ್ತಿ ಬರೆಯುತ್ತೇನೆ, ಓದಿ ಹೇಳು. ಕಾರ್ಯದರ್ಶಿಗಳು ಕೂರಲು ಜಾಗ ಹುಡುಕಿ ಮೊಳೆಯ ಸ್ಟೂಲಿನ ಮೇಲೆ ಕೂತರು. ಅದು ಕುಂಟಿತು, ಅವರು ವಾಲಿದರು, ಮಕ್ಕಳು ನಕ್ಕವು. ‘ಇದನ್ನ ಯಾರೂ ನೋಡ್ಲಿಲ್ವಾ?’ ಎಂದು ನನ್ನನ್ನು ನೋಡಿದರು. ನನ್ನ ಕೈ ಬೆನ್ನ ಹಿಂದೆಯೇ ಇತ್ತು. ಮೊಳೆ ಬಂದು, ‘ಏಳಿ, ಅದು ಇನ್ನೂ ಮುಗಿದಿಲ್ಲ’ ಅಂದಳು. ಅವರು ಎದ್ದರು. ಅವಳು ಸ್ಟೂಲನ್ನು ಬೋರಲು ಹಾಕಿ, ‘ಹಿಡ್ಕೊಳ್ಳಿ’ ಅಂದಳು. ಅವರು ಮಂಡಿಯೂರಿ ಹಿಡಿದುಕೊಂಡರು. ಒಂದು ಕಾಲು ಕತ್ತರಿಸಿದಳು, ಇಟ್ಟಳು, ಕುಂಟಿತು. ಇನ್ನೊಂದು. ಮತ್ತೆ ಕುಂಟಿತು. ಅಷ್ಟು ಹೊತ್ತಿಗೆ ಕಾರ್ಯದರ್ಶಿಗಳೇ ನೆಲಕ್ಕೆ ಕೆನ್ನೆ ಹಚ್ಚಿ ಯಾವ ಕಾಲಿನ ಕೆಳಗೆ ಬೆಳಕು ಕಾಣುತ್ತಿದೆ ಎಂದು ಬಗ್ಗಿ ನೋಡುತ್ತಿದ್ದರು. ಕೊನೆಗೆ ಅದು ನಿಂತಾಗ ಗೇಣೆತ್ತರ ಉಳಿದಿತ್ತು. ‘ಮಣೆ ಆಗೋಯ್ತಲ್ಲೇ’ ಅಂದರು. ‘ನನ್ನ ತಮ್ಮನಿಗೆ ಸರಿಹೋಗುತ್ತೆ’ ಅಂದಳು.

ಈಗ ಒಂದು ಪ್ರಶ್ನೆ. ನಿನ್ನೆ ಮೊಳೆ ಕತ್ತರಿಸಿದ ತುಂಡುಗಳನ್ನು ತಂದು ತೋರಿಸಿದಳು. ಒಂದರ ತುದಿಯಲ್ಲಿ ಎರಡು ಗೀರು ಇದೆ. ‘ಇದು ನನ್ನ ಗೀರಲ್ಲ, ಯಾರು ಮಾಡಿದ್ದು?’ ಅಂತ ಕೇಳಿದಳು. ಸಂಜೆ ಕೋಣೆ ಗುಡಿಸುವಾಗ ಕಪಾಟಿನ ಅಡಿಯಲ್ಲಿ ಮರ ಉಜ್ಜುವ ಅರ ಸಿಕ್ಕಿತು. ಹಿಡಿಯ ಮೇಲೆ ನಿನ್ನ ಹೆಬ್ಬೆರಳಿನ ಗುಳಿ ಇದೆ. ನನಗೆ ಬೇರೆ ಏನೂ ಬೇಡ. ಅವಳಿಗೆ ಏನು ಹೇಳಲಿ?

ನಿನ್ನ ಮಗಳು


ಡಿಸೆಂಬರ್ ೧೯

ಮಗಳೇ,

ಅವಳಿಗೆ ನಿಜ ಹೇಳು. ಆ ಎರಡು ಗೀರು ನನ್ನದು.

ಅವತ್ತು ಬೆಳಗ್ಗೆ ನೀನು ಮಕ್ಕಳನ್ನು ಕರೆತರಲು ಗೇಟಿನ ಕಡೆ ಹೋದೆಯಲ್ಲ, ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಸ್ಟೂಲನ್ನು ಬೆರಳಿನಿಂದ ತಳ್ಳಿದೆ, ಕುಂಟಿತು. ಇನ್ನು ಅರ್ಧ ಗಂಟೆಗೆ ಅಷ್ಟು ಜನ ಬರುತ್ತಾರೆ, ಇದನ್ನು ನೋಡಿ ನನ್ನ ಮಗಳ ಕೋಣೆಯನ್ನು ಕಿತ್ತುಕೊಳ್ಳುತ್ತಾರೆ ಅನ್ನಿಸಿತು. ಚೀಲದಲ್ಲಿ ಅರ ಇತ್ತು. ಯಾಕೆ ತಂದಿದ್ದೆ ಅಂತ ಕೇಳಬೇಡ, ತರಬಾರದು ಅಂತ ನನಗೂ ಗೊತ್ತಿತ್ತು. ಎರಡು ನಿಮಿಷದ ಕೆಲಸ. ಬೋರಲು ಹಾಕಿ ಎರಡು ಸಲ ಎಳೆದೆ.

ಆಗ ಕಂಡವು. ಮೂರು ಕಾಲಿನ ಮೇಲೂ ಪೆನ್ಸಿಲ್ ಗೆರೆ. ಒಂದರಲ್ಲಿ ಗೆರೆ ಎಳೆದು, ಅಳಿಸಿ, ಅದರ ಮೇಲೆ ಮತ್ತೆ ಎಳೆದಿದ್ದಳು. ನಿನ್ನ ಸ್ಟೂಲಿನ ಮೇಲೂ ಹೀಗೇ ಇತ್ತು. ಅವತ್ತು ನನಗೆ ಅದು ಮಗು ಗೀಚಿದ್ದು ಅನ್ನಿಸಿ ಉಪ್ಪುಕಾಗದ ತೆಗೆದುಕೊಂಡು ತಿಕ್ಕಿಬಿಟ್ಟಿದ್ದೆ. ಅದು ಗೀಚಿದ್ದಲ್ಲ, ನೀನು ಕಂಡುಕೊಂಡ ಉಪಾಯ ಎಂದು ನಿನ್ನ ಕಾಗದ ಓದಿದಾಗ ತಿಳಿಯಿತು. ಅವಳ ಗೆರೆ ನೋಡಿದಾಗ ಕೈ ನಿಂತಿತು. ಅಷ್ಟರಲ್ಲಿ ಕಾರಿಡಾರಿನಲ್ಲಿ ಮಕ್ಕಳ ಸದ್ದು ಕೇಳಿಸಿ, ಕಳ್ಳನ ಹಾಗೆ ಅರವನ್ನು ಕಪಾಟಿನ ಅಡಿಗೆ ನೂಕಿ, ಮೂಲೆಯಲ್ಲಿ ಹೋಗಿ ಕೂತೆ. ಆಮೇಲೆ ನನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಎಂಥ ಕೆಲಸ ಮಾಡಿಯೂ ಇಷ್ಟು ಸುಸ್ತಾದದ್ದು ನನಗೆ ನೆನಪಿಲ್ಲ.

ಮೊಳೆಗೆ ಹೇಳು, ಆ ಮುದುಕನಿಂದ ತಪ್ಪಾಯಿತಂತೆ ಅಂತ. ಅರ ಅವಳ ಹತ್ತಿರವೇ ಇರಲಿ.

ನಿನಗೂ ಅದೇ ಮಾತು ಹೇಳಬೇಕು. ನನ್ನಿಂದ ತಪ್ಪಾಯಿತು ಮಗಳೇ. ನೀನು ನಗಲಿ ಅಂತ ಮಾಡಿದೆ. ನೀನು ಮಾಡಲಿ ಅಂತ ಬಿಡಲಿಲ್ಲ.

ಇನ್ನೊಂದು ವಿಷಯ. ನಿನ್ನ ಸ್ಟೂಲಿನ ಗಿಡ್ಡ ಕಾಲನ್ನು ನಾನು ಒಲೆಗೆ ಹಾಕಿರಲಿಲ್ಲ. ಒಂಬತ್ತು ವರ್ಷದ ಕೈ ಕತ್ತರಿಸಿದ್ದು, ಬಿಸಾಡಲು ಮನಸ್ಸಾಗದೆ ಉಳಿಗಳ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಊರಿಗೆ ಬಂದ ಮಾರನೆಯ ದಿನ ಸ್ಟೂಲಿನಿಂದ ನನ್ನ ಕಾಲನ್ನು ಬಿಚ್ಚಿ ನಿನ್ನದನ್ನು ಹಾಕಿದೆ. ಈಗ ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಚೆನ್ನಾಗಿ ಕುಂಟುತ್ತದೆ. ನಿಮ್ಮಮ್ಮ ಕಾಗದ ಮಡಿಚಿ ಕಾಲಿನ ಅಡಿಗೆ ಇಡಲು ಬಂದಳು, ಬೇಡ ಅಂದೆ.

ಮೂರು ಕಾಲಿನ ಗೆರೆ ಅಳಿಸಿದವನು ನಾನು, ಅದನ್ನು ಮತ್ತೆ ಎಳೆಯುವವನು ನಾನಲ್ಲ. ರಜೆಗೆ ಬಾ. ಪೆನ್ಸಿಲು, ಗರಗಸ ಮೇಜಿನ ಮೇಲೆ ಇಟ್ಟಿರುತ್ತೇನೆ. ನಾನು ಮೂಲೆಯಲ್ಲಿ ಕೈಕಟ್ಟಿ ಕೂತಿರುತ್ತೇನೆ.

ನಿನ್ನ ಅಪ್ಪ